ಆಶ್ರಮದ ಅವಳಿ ಮಕ್ಕಳು: ಕುಶಲವರ ಪೋಷಣೆಯನ್ನು ಕುರಿತು

ಕುಶಲವರ ಕಾಳಗವನ್ನು ಅರಿಯದ ಕನ್ನಡಿಗರು ವಿರಳ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬಾಲಕನಾದ ಲವನು ಯಜ್ಞಾಶ್ವವನ್ನು ಕಟ್ಟಿಹಾಕುವ ಪ್ರಸಂಗವನ್ನು ನಮ್ಮ ಪಾಠಶಾಲೆಗಳು ತಲೆಮಾರುಗಳಿಂದ ಓದಿಸುತ್ತ ಬಂದಿವೆ. ಆದರೆ ಬಿಲ್ಲಿಗೆ ಹೆದೆಯೇರಿಸುವ ಮುನ್ನ ಆ ಮಕ್ಕಳಿಗೆ ಹನ್ನೆರಡು ವರ್ಷಗಳ ಬಾಳೊಂದಿತ್ತು. ಅವರಿಗೆ ಉಣಿಸಿದವರಾರು, ಅಕ್ಷರ ಕಲಿಸಿದವರಾರು, ತಪ್ಪು ಮಾಡಿದಾಗ ದಂಡಿಸಿದವರಾರು, ತಂದೆ ಯಾರೆಂದು ಕೇಳಿದರೆ ಏನೆನ್ನಬೇಕೆಂದು ಹೇಳಿಕೊಟ್ಟವರಾರು? ಕಾಳಗದ ಸಡಗರದಲ್ಲಿ ಈ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಕವಿಗಳು ಮಾತ್ರ ಅವನ್ನು ಮರೆತವರಲ್ಲ. ಒಬ್ಬೊಬ್ಬ ಕವಿಯೂ ತನ್ನ ಮನೋಧರ್ಮಕ್ಕೆ ತಕ್ಕಂತೆ ಆ ಎರಡು ಮಕ್ಕಳನ್ನು ಸಾಕಿದ್ದಾನೆ.

ಆದಿಕವಿಯ ಉತ್ತರಕಾಂಡದಲ್ಲಿ ಮಕ್ಕಳು ಹುಟ್ಟುವುದು ಶ್ರಾವಣದ ಒಂದು ರಾತ್ರಿ. ಲವಣಾಸುರನ ಮೇಲೆ ದಂಡೆತ್ತಿ ಹೊರಟ ಶತ್ರುಘ್ನನು ಅಂದು ಅದೇ ಆಶ್ರಮದ ಪರ್ಣಶಾಲೆಯಲ್ಲಿ ತಂಗಿರುತ್ತಾನೆ. ನಡುರಾತ್ರಿಯಲ್ಲಿ ಮುನಿಕುಮಾರರು ಓಡಿಬಂದು ವಾಲ್ಮೀಕಿಗೆ ಸುದ್ದಿ ಮುಟ್ಟಿಸುತ್ತಾರೆ. ಮುನಿಯು ಒಂದು ಹಿಡಿ ದರ್ಭೆಯನ್ನು ಮಂತ್ರಿಸಿ, ಅದರ ಮೇಲಣ ಭಾಗವನ್ನೂ ಬುಡದ ಭಾಗವನ್ನೂ ಬೇರೆಬೇರೆ ಮಾಡಿ ಆಶ್ರಮದ ವೃದ್ಧೆಯರ ಕೈಗೆ ಕೊಡುತ್ತಾನೆ. ಮೊದಲು ಹುಟ್ಟಿದವನನ್ನು ಕುಶದಿಂದ ಒರೆಸಬೇಕು, ಆತನು ಕುಶ. ಬಳಿಕ ಹುಟ್ಟಿದವನನ್ನು ಲವದಿಂದ ಒರೆಸಬೇಕು, ಆತನು ಲವ. ಅರಮನೆಯಲ್ಲಿ ನಡೆಯಬೇಕಾಗಿದ್ದ ನಾಮಕರಣವು ಹೀಗೆ ಹುಲ್ಲಿನ ಎರಡು ತುಣುಕುಗಳಲ್ಲಿ ಮುಗಿಯುತ್ತದೆ. ಅವಳಿಗಳಲ್ಲಿ ಹಿರಿಯನಾರು ಕಿರಿಯನಾರು ಎಂಬ ಗೊಂದಲವನ್ನು ಮುನಿಯು ಹುಟ್ಟಿದ ಗಳಿಗೆಯಲ್ಲಿಯೇ ಪರಿಹರಿಸಿದ್ದಾನೆ. ಎರಡು ತುಣುಕೂ ಒಂದೇ ಹಿಡಿಯವು ಎಂಬುದನ್ನೂ ಮರೆಯುವಂತಿಲ್ಲ. ಇಬ್ಬರ ಹೆಸರು ಕೂಡಿದಾಗ ಉಂಟಾಗುವ ‘ಕುಶೀಲವ’ ಎಂಬ ಶಬ್ದಕ್ಕೆ ಗಾಯಕ, ನಟ ಎಂಬ ಅರ್ಥಗಳಿರುವುದು ವಿದ್ವಾಂಸರಿಗೆ ಹೊಸ ವಿಷಯವೇನಲ್ಲ. ಮುಂದೆ ಅವರು ಹಾಡಿಯೇ ಹೆಸರಾಗತಕ್ಕವರು.

ನಮ್ಮ ಜನರ ನಾಲಗೆಯ ಮೇಲೆ ಈ ಕ್ರಮ ತಿರುವುಮುರುವಾಗಿ ‘ಲವಕುಶ’ ಎಂದಾಗಿದೆ. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಈ ಕ್ರಮಕ್ಕೆ ಒಪ್ಪುವ ಕಥೆಯೊಂದುಂಟು. ಅಲ್ಲಿ ಸೀತೆ ಹಡೆದದ್ದು ಲವನೊಬ್ಬನನ್ನೇ. ಒಮ್ಮೆ ಆಕೆ ಮಗುವನ್ನೆತ್ತಿಕೊಂಡು ಸ್ನಾನಕ್ಕೆ ಹೋಗಿದ್ದಾಗ, ಪರ್ಣಶಾಲೆಯಲ್ಲಿ ಮಗುವನ್ನು ಕಾಣದೆ ವಾಲ್ಮೀಕಿಯು ಕಂಗೆಡುತ್ತಾನೆ. ಯಾವುದೋ ಮೃಗವು ಒಯ್ದಿರಬೇಕು, ತಾಯಿ ಬಂದು ಕೇಳಿದರೆ ಏನು ಹೇಳಲಿ ಎಂದು ತಳಮಳಿಸಿ ದರ್ಭೆಯಿಂದ ಅಂಥದೇ ಇನ್ನೊಂದು ಮಗುವನ್ನು ನಿರ್ಮಿಸಿಬಿಡುತ್ತಾನೆ. ಸೀತೆಯು ಲವನೊಡನೆ ಮರಳಿ ಬಂದಾಗ ಮಕ್ಕಳು ಇಬ್ಬರಾಗಿದ್ದರು. ಇದು ಅದ್ಭುತ ಕಥೆಯೇ ಸರಿ. ಆದರೂ ಪರರ ಮಗುವನ್ನು ನೋಡಿಕೊಳ್ಳುವ ಹೊಣೆ ಹೊತ್ತವನು ಅದು ಕಣ್ಣಿಗೆ ಬೀಳದಾಗ ಪಡುವ ದಿಗಿಲನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆ ಸುಲಭವಾಗಿ ದೊರೆಯದು. ಪ್ರಸಾದನಿಲಯದಲ್ಲಿ ರಾತ್ರಿಯ ಹಾಜರಿ ಹಿಡಿಯುವಾಗ ಒಬ್ಬ ಹುಡುಗನ ಉತ್ತರ ಬಾರದಿದ್ದರೆ ಏನಾಗುತ್ತದೆಂಬುದನ್ನು ಬಲ್ಲ ಅಧ್ಯಾಪಕರು ಮುನಿಯ ಪಾಡನ್ನು ನೋಡಿ ನಗಲಾರರು.

ಸೋಮದೇವನ ಮಕ್ಕಳು ಸಾಧುಗಳೂ ಅಲ್ಲ. ಆಶ್ರಮದ ಜಿಂಕೆಯನ್ನು ಕೊಂದರು. ವಾಲ್ಮೀಕಿಯು ಪೂಜಿಸುತ್ತಿದ್ದ ಶಿವಲಿಂಗವನ್ನು ಆಟದ ವಸ್ತುವಾಗಿ ಮಾಡಿಕೊಂಡರು. ಮುನಿಗೆ ಕೋಪ ಬಂದಿತು, ಸೀತೆಯು ಬೇಡಿಕೊಂಡಳು. ಆಗ ವಿಧಿಸಿದ ಪ್ರಾಯಶ್ಚಿತ್ತವನ್ನು ಗಮನಿಸಬೇಕು. ಲವನು ಕುಬೇರನ ಸರೋವರದಿಂದ ಹೊಂದಾವರೆಗಳನ್ನೂ ಆತನ ಉದ್ಯಾನದಿಂದ ಮಂದಾರ ಪುಷ್ಪಗಳನ್ನೂ ತರಬೇಕು. ಅವುಗಳಿಂದ ಅಣ್ಣತಮ್ಮಂದಿರಿಬ್ಬರೂ ಅದೇ ಲಿಂಗವನ್ನು ಪೂಜಿಸಬೇಕು. ಇಲ್ಲಿ ಬೆತ್ತದ ಮಾತಿಲ್ಲ, ಉಪವಾಸದ ಮಾತಿಲ್ಲ. ಯಾವ ವಸ್ತುವನ್ನು ಹಗುರವಾಗಿ ಕಂಡರೋ ಅದರ ಬೆಲೆಯನ್ನು ಕಾಲು ನೋಯುವಷ್ಟು ನಡೆದು ಅರಿಯಬೇಕು ಎಂಬುದೇ ಶಿಕ್ಷೆ. ಹೂ ತರುವವನು ಒಬ್ಬನಾದರೂ ಪೂಜೆ ಇಬ್ಬರದು.

ಎಂಟನೆಯ ಶತಮಾನದ ಭವಭೂತಿಯ ಉತ್ತರರಾಮಚರಿತಕ್ಕೆ ಬಂದರೆ ಪೋಷಣೆಯ ಚಿತ್ರವೇ ಬೇರೆ. ಅಲ್ಲಿ ಮಕ್ಕಳಿಗೆ ತಾಯಿಯ ಮಡಿಲೂ ಇಲ್ಲ. ಮೊಲೆಹಾಲು ಬಿಟ್ಟೊಡನೆ ಗಂಗಾದೇವಿಯು ಅವರನ್ನು ವಾಲ್ಮೀಕಿಗೆ ಒಪ್ಪಿಸುತ್ತಾಳೆ. ಆ ಮುನಿಯು ದಾದಿಯ ಕೆಲಸದಿಂದ ತೊಡಗಿ ಎಲ್ಲವನ್ನೂ ತಾನೇ ಮಾಡಿದನೆಂದು ಎರಡನೆಯ ಅಂಕದಲ್ಲಿ ಆತ್ರೇಯಿಯು ಹೇಳುತ್ತಾಳೆ. ಚೌಲವಾದ ಬಳಿಕ ವೇದವೊಂದನ್ನುಳಿದು ಮಿಕ್ಕ ಮೂರು ವಿದ್ಯೆಗಳು, ಹನ್ನೊಂದನೆಯ ವರ್ಷದಲ್ಲಿ ಕ್ಷತ್ರಿಯೋಚಿತವಾದ ಉಪನಯನ, ಆಮೇಲೆ ವೇದ. ಇದು ಪಾಠಕ್ರಮ. ಆತ್ರೇಯಿಯು ಅಲ್ಲಿಯೇ ವ್ಯಾಸಂಗ ಮಾಡುತ್ತಿದ್ದವಳು; ಈ ಇಬ್ಬರು ಬಾಲಕರ ಬುದ್ಧಿಯೊಡನೆ ಹೆಜ್ಜೆ ಹಾಕಲಾರದೆ ಆಶ್ರಮವನ್ನು ಬಿಟ್ಟು ಅಗಸ್ತ್ಯರ ಕಡೆಗೆ ಹೊರಟಿದ್ದಾಳೆ. ಗುರುವು ಜಾಣನಿಗೂ ಜಡನಿಗೂ ಸಮನಾಗಿಯೇ ವಿದ್ಯೆಯನ್ನು ನೀಡುತ್ತಾನೆ, ಫಲದಲ್ಲಿ ಮಾತ್ರ ಅಂತರವುಂಟಾಗುತ್ತದೆ ಎಂಬ ಅವಳ ಮಾತಿನಲ್ಲಿ ಅಸೂಯೆಯಿಲ್ಲ, ಆದರೆ ಸಣ್ಣದೊಂದು ನೋವಿದೆ. ಮುಂದಿನ ಬೆಂಚಿನ ಇಬ್ಬರಿಗಾಗಿಯೇ ಪಾಠವು ನಡೆಯತೊಡಗಿದರೆ ಹಿಂದಿನವರು ಮೆಲ್ಲನೆ ಎದ್ದುಹೋಗುತ್ತಾರೆಂಬುದನ್ನು ಕವಿಯು ಅಂದೇ ಕಂಡಿದ್ದನು.

ಅತ್ತ ತಾಯಿಯು ಮಕ್ಕಳಿಂದ ದೂರದಲ್ಲಿ ವರ್ಷಗಳನ್ನು ಎಣಿಸುತ್ತಿದ್ದಾಳೆ. ಮೂರನೆಯ ಅಂಕದಲ್ಲಿ ಸೀತೆಯು ಪಂಚವಟಿಗೆ ಬರುವುದು ಮಕ್ಕಳ ಹನ್ನೆರಡನೆಯ ಹುಟ್ಟುಹಬ್ಬದ ನಿಮಿತ್ತವಾಗಿ. ವರ್ಷಕ್ಕೊಂದರಂತೆ ಮಂಗಳಗ್ರಂಥಿ, ಎಂದರೆ ಗಂಟು ಹಾಕಿ ವಯಸ್ಸನ್ನು ಎಣಿಸುವ ಆಚಾರವನ್ನು ಕವಿಯು ಅಲ್ಲಿ ಸೂಚಿಸಿದ್ದಾನೆ. ತನ್ನ ಕೈಯಿಂದಲೇ ಬಿಡಿಸಿ ತಂದ ಹೂಗಳಿಂದ ಆಕೆ ಸೂರ್ಯನನ್ನು ಪೂಜಿಸಬೇಕು. ಯಾರಿಗಾಗಿ ಈ ಹಬ್ಬವೋ ಅವರು ಅಲ್ಲಿಲ್ಲ.

ನಾಲ್ಕನೆಯ ಅಂಕದಲ್ಲಿ ಆಶ್ರಮದ ನಿತ್ಯಜೀವನವು ಬಿಚ್ಚಿಕೊಳ್ಳುತ್ತದೆ. ಜನಕ, ವಸಿಷ್ಠ, ಕೌಸಲ್ಯೆಯರು ಅತಿಥಿಗಳಾಗಿ ಬಂದಿದ್ದಾರೆ. ಆದ್ದರಿಂದ ಪಾಠಕ್ಕೆ ರಜೆ. ಹುಡುಗರ ಹಿಗ್ಗಿಗೆ ಪಾರವಿಲ್ಲ. ಕಾಡುಭತ್ತದ ಅನ್ನದ ಗಂಜಿಯನ್ನು ಈದ ಜಿಂಕೆಯು ಕುಡಿಯುತ್ತಿದೆ. ಎಲಚಿಯ ಹಣ್ಣು ಬೆರೆಸಿದ ಪಲ್ಯ ಬೇಯುವ ಕಂಪು ಸುತ್ತಲೂ ಹರಡಿದೆ. ಅಷ್ಟರಲ್ಲಿ ಕುದುರೆಯೊಂದು ಬಂದಿತೆಂದು ಕೂಗುತ್ತ ಬಟುಗಳು ಓಡಿಬರುತ್ತಾರೆ. ಅಶ್ವವೆಂಬ ಶಬ್ದವನ್ನು ಗ್ರಂಥಗಳಲ್ಲಿ ಓದಿ ಒಪ್ಪಿಸಿದ್ದರು, ಪ್ರಾಣಿಯನ್ನು ಕಂಡಿರಲಿಲ್ಲ. ಹಿಂದೆ ಬಾಲವಿದೆ, ಅದನ್ನು ಬೀಸುತ್ತದೆ, ನಾಲ್ಕು ಗೊರಸುಗಳಿವೆ, ಹುಲ್ಲು ತಿನ್ನುತ್ತದೆ, ಮಾವಿನ ಕಾಯಿಯಷ್ಟು ಗಾತ್ರದ ಲದ್ದಿ ಹಾಕುತ್ತದೆ ಎಂದು ಒಂದೇ ಉಸಿರಿನಲ್ಲಿ ವರ್ಣಿಸಿ ಲವನ ಕೈಹಿಡಿದು ಎಳೆದೊಯ್ಯುತ್ತಾರೆ. ನಾಟಕದ ಕರುಣರಸದ ನಡುವೆ ಇಂಥ ನಗೆಯನ್ನು ತಂದಿರಿಸಲು ಮಕ್ಕಳ ನಡುವೆ ಬದುಕಿದ ಕವಿಯೇ ಬೇಕು.

ಇದಕ್ಕೆ ಸ್ವಲ್ಪ ಮೊದಲು ಕೌಸಲ್ಯೆಯು ಲವನನ್ನು ಹತ್ತಿರಕ್ಕೆ ಕರೆದಿದ್ದಾಳೆ. ಮಗು, ತಾಯಿಯಿದ್ದಾಳೆಯೇ, ತಂದೆಯ ನೆನಪಿದೆಯೇ ಎಂದು ಕೇಳಿದರೆ ಹುಡುಗನು ಇಲ್ಲವೆನ್ನುತ್ತಾನೆ. ಹಾಗಾದರೆ ನೀನು ಯಾರವನು ಎಂದರೆ ಪೂಜ್ಯನಾದ ವಾಲ್ಮೀಕಿಯವನು ಎನ್ನುತ್ತಾನೆ. ಕೇಳಿದವಳು ಸ್ವಂತ ಅಜ್ಜಿ. ಹುಡುಗನ ಉತ್ತರದಲ್ಲಿ ಅಳುಕಿಲ್ಲ, ದೈನ್ಯವಿಲ್ಲ. ಮುನಿಯ ಹನ್ನೆರಡು ವರ್ಷಗಳ ದಾದಿತನಕ್ಕೆ ದೊರೆತ ಫಲವು ಆ ಅಳುಕಿಲ್ಲದ ದನಿಯೇ.

ಲಕ್ಷ್ಮೀಶನ ಲವನಿಗಾದರೋ ತಾಯಿಯೇ ಸರ್ವಸ್ವ. ಮುನಿಯು ವರುಣನ ಯಾಗಕ್ಕೆ ತೆರಳಿದ್ದಾನೆ, ತೋಟದ ಕಾವಲು ಹುಡುಗನ ಪಾಲಿಗೆ ಬಂದಿದೆ. ಕುದುರೆಯ ಹಣೆಯ ಪಟ್ಟದಲ್ಲಿ ಕೌಸಲ್ಯೆಯ ಮಗನೊಬ್ಬನೇ ವೀರನೆಂಬ ಬರಹವನ್ನೋದಿದಾಗ, ಇದನ್ನು ಸಹಿಸಿಕೊಂಡರೆ ತನ್ನ ತಾಯಿಯನ್ನು ಲೋಕವು ಬಂಜೆಯೆನ್ನದಿರುವುದೇ ಎಂಬುದು ಆತನ ಕೆರಳಿಕೆ. ಉಳಿದ ಮುನಿಕುಮಾರರು ಹೆದರಿ ಬೇಡವೆನ್ನುತ್ತಾರೆ. ಆತನು ತನ್ನ ಉತ್ತರೀಯದಿಂದಲೇ ಕುದುರೆಯನ್ನು ಬಾಳೆಯ ಗಿಡಕ್ಕೆ ಬಿಗಿಯುತ್ತಾನೆ. ಯಾಗದ ಕುದುರೆಯನ್ನು ಬಾಳೆಯ ಗಿಡಕ್ಕೆ ಕಟ್ಟಿದರೆ ನಿಲ್ಲುವುದೇ ಎಂಬ ಲೋಕಜ್ಞಾನವಿಲ್ಲ. ಮಕ್ಕಳ ಸಾಹಸವೆಂದರೆ ಹೀಗೆಯೇ. ಮುಂದೆ ಲವನು ಸೆರೆಯಾದನೆಂದು ಕೇಳಿದೊಡನೆ ಕುಶನು ಬಿಲ್ಲನ್ನೆತ್ತಿಕೊಂಡು ಹೊರಡುತ್ತಾನೆ. ತಪ್ಪು ಯಾರದೆಂದು ಅಣ್ಣನು ವಿಚಾರಿಸುವುದಿಲ್ಲ.

ಮತ್ತೆ ಆದಿಕವಿಯ ಬಳಿಗೆ. ರಾಮಾಯಣವನ್ನು ಹಾಡಲು ಮಕ್ಕಳನ್ನು ಅಶ್ವಮೇಧದ ಊರಿಗೆ ಕಳುಹಿಸುವಾಗ ವಾಲ್ಮೀಕಿಯು ಕೊಡುವ ಬುದ್ಧಿವಾದವು ದೂರದ ಊರಿಗೆ ಮಕ್ಕಳನ್ನು ಕಳುಹಿಸುವ ಯಾವ ತಂದೆಯ ಮಾತಾದರೂ ಆಗಬಹುದು. ದಿನಕ್ಕೆ ಇಪ್ಪತ್ತು ಸರ್ಗಗಳನ್ನು ಹಾಡಿರಿ, ಈ ಹಣ್ಣುಗಳನ್ನೂ ಗೆಡ್ಡೆಗಳನ್ನೂ ತಿನ್ನುತ್ತಿರಿ, ಆಯಾಸವಾಗದು, ಕಂಠವೂ ಕೆಡದು, ಹಣದಾಸೆ ಬೇಡ, ಯಾರ ಮಕ್ಕಳೆಂದು ಅರಸನು ಕೇಳಿದರೆ ವಾಲ್ಮೀಕಿಯ ಶಿಷ್ಯರೆನ್ನಿರಿ. ಕೊನೆಗೆ ಇನ್ನೊಂದು ಮಾತು: ಅರಸನಿಗೆ ಅವಮಾನವಾಗದಂತೆ ನಡೆದುಕೊಳ್ಳಿರಿ, ಧರ್ಮದಂತೆ ಅರಸನು ಎಲ್ಲ ಜೀವಿಗಳಿಗೂ ತಂದೆ. ಹೇಳುವ ಮುನಿಗೆ ಈ ಮಾತಿನ ಎರಡನೆಯ ಅರ್ಥವು ಗೊತ್ತು. ಕೇಳುವ ಬಾಲಕರಿಗೆ ಗೊತ್ತಿಲ್ಲ. ಸುಳ್ಳು ಹೇಳದೆ, ಸತ್ಯವನ್ನು ಹೊರಗೆಡಹದೆ, ಮಕ್ಕಳ ಮನಸ್ಸಿನಲ್ಲಿ ತಂದೆಯ ಬಗೆಗೆ ಕಹಿಯನ್ನು ಬಿತ್ತದೆ ಆ ಮುನಿಯು ಅಷ್ಟು ವರ್ಷ ಸಾಕಿದ್ದನು. ತಾಯಿಯನ್ನು ಕಾಡಿಗಟ್ಟಿದವನ ವಿಷಯದಲ್ಲಿ ಇದು ಸಾಮಾನ್ಯವಾದ ಸಂಯಮವಲ್ಲ.

ಹಾಡು ಮುಗಿದ ಮೇಲೆ ರಾಮನು ಹದಿನೆಂಟು ಸಾವಿರ ಹೊನ್ನನ್ನು ಕೊಡಿಸಲು ಮುಂದಾಗುತ್ತಾನೆ. ಕಾಡಿನಲ್ಲಿ ಹಣ್ಣು ಗೆಡ್ಡೆ ತಿಂದು ಬಾಳುವ ನಮಗೆ ಹೊನ್ನಿನಿಂದೇನು ಎಂದು ಅಣ್ಣತಮ್ಮಂದಿರು ಮುಟ್ಟದೆ ಉಳಿಯುತ್ತಾರೆ. ಕಾವ್ಯವೆಷ್ಟು ದೊಡ್ಡದು, ಕವಿ ಯಾರು ಎಂದು ಅರಸನು ಕೇಳುತ್ತಾನೆ. ಇಪ್ಪತ್ತನಾಲ್ಕು ಸಾವಿರ ಶ್ಲೋಕಗಳೆಂದು ಲೆಕ್ಕ ಒಪ್ಪಿಸಿ, ಗುರುವಿನ ಹೆಸರನ್ನು ಹೇಳಿ, ಮುನಿಯು ಇಳಿದುಕೊಂಡಿದ್ದ ಬಿಡಾರಕ್ಕೆ ನಡೆದುಬಿಡುತ್ತಾರೆ. ಆಮೇಲೆ ಹಲವು ದಿನ ಹಾಡು ನಡೆಯುತ್ತದೆ. ಆ ಬಾಲಕರು ಸೀತೆಯ ಮಕ್ಕಳೆಂಬುದು ರಾಮನಿಗೆ ತಿಳಿಯುವುದು ಯಾರ ಬಾಯಿಂದಲೂ ಅಲ್ಲ, ಅವರು ಹಾಡುತ್ತಿದ್ದ ಆ ಕಥೆಯಿಂದಲೇ.