ಚಿಂತೆಯೂ ಜಠರವೂ

ಅನ್ನವನ್ನು ಬಿಟ್ಟಮಾತ್ರಕ್ಕೆ ಉಪವಾಸವಾಗದು. ಕ್ರೋಧಾದಿ ಕಷಾಯಗಳನ್ನೂ ಇಂದ್ರಿಯವಿಷಯಗಳನ್ನೂ ಬಿಡತಕ್ಕದ್ದು, ಇಲ್ಲವಾದರೆ ಅದು ಬರಿಯ ಲಂಘನವೆಂದು ಪೂರ್ವಾಚಾರ್ಯರ ಮತ. ಶರೀರಶಾಸ್ತ್ರವೂ ಈ ಮಾತಿಗೆ ಸಾಕ್ಷಿ ನುಡಿಯುತ್ತದೆ.

ಅಮೆರಿಕದ ಸೇನಾವೈದ್ಯ ವಿಲಿಯಂ ಬ್ಯೂಮಾಂಟ್ 1822ರಲ್ಲಿ ಗುಂಡೇಟು ತಗುಲಿದ ಒಬ್ಬನಿಗೆ ಚಿಕಿತ್ಸೆ ಮಾಡಿದನು. ಅವನು ಬದುಕಿದರೂ ಜಠರದ ರಂಧ್ರ ಮುಚ್ಚಲಿಲ್ಲ. ಆ ರಂಧ್ರದ ಮೂಲಕ ವರ್ಷಗಟ್ಟಲೆ ಪರೀಕ್ಷಿಸಿದ ವೈದ್ಯನು, ಕೋಪೋದ್ರೇಕದಿಂದ ಜೀರ್ಣಕ್ರಿಯೆ ಕೆಡುವುದನ್ನು 1833ರ ತನ್ನ ಗ್ರಂಥದಲ್ಲಿ ದಾಖಲಿಸಿದನು. ಭಯೋದ್ವೇಗಗಳುಂಟಾದಾಗ ಅಡ್ರಿನಲ್ ಗ್ರಂಥಿಗಳ ಸ್ರಾವ ಹೆಚ್ಚಿ, ರಕ್ತವು ಜಠರವನ್ನು ಬಿಟ್ಟು ಮಾಂಸಖಂಡಗಳತ್ತ ಹರಿಯುತ್ತದೆ. ಜಠರದ ಚಲನೆ ಕುಂದುತ್ತದೆ. ದೊಡ್ಡ ಕರುಳಿನ ಚಲನೆ ಹೆಚ್ಚುತ್ತದೆ. ಆದುದರಿಂದಲೇ ಕೆಲವರಿಗೆ ಹೊಟ್ಟೆಯುಬ್ಬರ, ಕೆಲವರಿಗೆ ಭೇದಿ.

ನಮ್ಮಲ್ಲಿ ಹೇಳಿರುವ ಆರ್ತಧ್ಯಾನದ ನಾಲ್ಕು ಭೇದಗಳನ್ನು ಇದರೊಡನೆ ಇಟ್ಟು ನೋಡೋಣ. ಹೋಟೆಲು ಕೆಲಸಕ್ಕೆಂದು ಬೆಂಗಳೂರು, ಮುಂಬಯಿಗಳಿಗೆ ಹೋದ ಮಗನ ಸುದ್ದಿ ಬಾರದೆ ಬೈಂದೂರಿನ ತಾಯಿ ಕೊರಗುವುದು ಇಷ್ಟವಿಯೋಗ. ಸಾಲಗಾರನು ಅಂಗಳಕ್ಕೆ ಬಂದಾಗ ಬ್ರಹ್ಮಾವರದ ಕೃಷಿಕನಿಗಾಗುವ ತಳಮಳ ಅನಿಷ್ಟಸಂಯೋಗ. ವ್ರತದ ಫಲವನ್ನೇ ಲೆಕ್ಕಿಸುತ್ತ ಕುಳಿತುಕೊಳ್ಳುವುದು ನಿದಾನ. ವೇದನಾಚಿಂತನೆಯಂತೂ ಇಲ್ಲಿ ವಿಶೇಷವಾಗಿ ವಿಚಾರಾರ್ಹ: ಹೊಟ್ಟೆನೋವನ್ನೇ ನೆನೆಯುತ್ತಿದ್ದರೆ ನೋವಿನ ಅರಿವು ತೀವ್ರವಾಗುತ್ತದೆ, ಆ ನೋವು ಮತ್ತೆ ಚಿಂತೆಗೆ ಕಾರಣವಾಗುತ್ತದೆ. ಮಿದುಳಿಗೂ ಕರುಳಿಗೂ ನರಗಳ ಮೂಲಕ ಇಬ್ಬದಿಯ ಸಂಪರ್ಕವಿರುವುದೇ ಇದಕ್ಕೆ ಹೇತು.

ಆದರೂ ಎಲ್ಲ ರೋಗಕ್ಕೂ ಚಿಂತೆಯೇ ಮೂಲವೆನ್ನಲಾಗದು. ಹೊಟ್ಟೆಹುಣ್ಣಿಗೆ ಬಹುಮಟ್ಟಿಗೆ ಒಂದು ಬ್ಯಾಕ್ಟೀರಿಯವೇ ಕಾರಣವೆಂಬುದನ್ನು ತೋರಿಸಿಕೊಟ್ಟ ಮಾರ್ಷಲ್ ಮತ್ತು ವಾರನ್ ಅವರಿಗೆ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬಿಡದ ನೋವು, ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು – ಇವು ಕಂಡರೆ ವ್ರತದ ಹೆಸರಿನಲ್ಲಿ ತಡೆಯದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಸಕ್ಕರೆರೋಗಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಉಪವಾಸವನ್ನು ಸ್ವೀಕರಿಸಬೇಕು.

ಮಳೆಗಾಲದಲ್ಲಿ ಕುಂದಾಪುರದ ಕಡೆ ಮೋಡ ಕವಿದು ಬೇಗನೆ ಕತ್ತಲಾವರಿಸುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಮುಗಿಸಬೇಕೆಂಬ ಆತುರದಲ್ಲಿ ತುತ್ತುಗಳನ್ನು ನುಂಗುವುದುಂಟು. ಗಾಳಿಯೂ ಒಳಸೇರಿ ಹೊಟ್ಟೆಯುಬ್ಬುತ್ತದೆ. ಅಡುಗೆಯನ್ನೇ ಮುಂಚಿತವಾಗಿ ಮಾಡುವುದು ಇದಕ್ಕೆ ಪರಿಹಾರ. ಪಾರಣೆಯ ದಿನ ಮೊದಲು ನಲವತ್ತೆಂಟು ನಿಮಿಷ ಸಾಮಾಯಿಕದಲ್ಲಿ ಕುಳಿತು, ಉಸಿರು ನಿಧಾನವಾದ ಬಳಿಕ ಬೆಚ್ಚನೆಯ ಕುಚ್ಚಲಕ್ಕಿ ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಸೇವಿಸುವುದು ಹಿತಕರ. ಹೊಟ್ಟೆ ತುಂಬುವ ಮೊದಲೇ ಏಳುವ ಅವಮೌದರ್ಯವೂ ತಪಸ್ಸೇ.

ಶ್ರಾವಕ ಶ್ರಾವಿಕೆಯರು ಮುಂದಿನ ಚತುರ್ದಶಿಯಂದು ಆಹಾರವನ್ನು ತ್ಯಜಿಸುವಾಗ, ಮನಸ್ಸಿನಲ್ಲಿರುವ ಒಂದು ಚಿಂತೆಯನ್ನಾದರೂ ಅದರೊಡನೆ ತ್ಯಜಿಸಲು ಯತ್ನಿಸಲಿ. ಆಗ ಲಂಘನವು ಉಪವಾಸವಾದೀತು.