ಲಂಡನ್ನಿನ ಅಜ್ಜಿಗೆ ಎಂಬತ್ತು: ಮೊದಲ ಸಲ ವಿಮಾನ ಹತ್ತುವವರಿಗೆ

ಮಗಳ ಮನೆಯಲ್ಲೋ ಮಗನ ಮನೆಯಲ್ಲೋ ಲಂಡನ್ನಿನಲ್ಲಿ ನೆಲೆಸಿದ ಅಜ್ಜಿಗೆ ಎಂಬತ್ತು ತುಂಬುತ್ತದೆ ಎಂದಾಗ ನಾವು ಮೊದಲು ನೋಡುವುದು ಟಿಕೆಟ್ ದರ. ಅದಕ್ಕೂ ಮೊದಲು ಅಜ್ಜಿಗೇ ಫೋನ್ ಮಾಡಿ. ಅವರಿಗೆ ಬೇಕಿರುವುದು ದೊಡ್ಡ ಸಮಾರಂಭವೋ, ಮೊಮ್ಮಕ್ಕಳು ನಾಲ್ಕು ದಿನ ಹತ್ತಿರ ಕೂತು ಮಾತಾಡುವುದೋ ಕೇಳಿ. ಮುಂದಿನದೆಲ್ಲ ಆ ಉತ್ತರದ ಮೇಲೆ ನಿಂತಿದೆ.

ಹಂತ 1: ದಿನ ಗೊತ್ತುಮಾಡಿ
ಆ ತಲೆಮಾರಿನ ಎಷ್ಟೋ ಹೆಂಗಸರ ಪಾಸ್‌ಪೋರ್ಟಿನಲ್ಲಿರುವುದು ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆಸಿದ ತಾರೀಕು. ಮನೆಯವರು ನೆನಪಿಟ್ಟಿರುವುದು ತಿಥಿ, ನಕ್ಷತ್ರ. ಸಹಸ್ರಚಂದ್ರ ದರ್ಶನದ ಶಾಂತಿ ಮಾಡಿಸುವುದಾದರೆ ಲೆಕ್ಕ ಇನ್ನೂ ಬೇರೆ. ವರ್ಷಕ್ಕೆ 12 ಹುಣ್ಣಿಮೆ, ಅಧಿಕ ಮಾಸದವೂ ಸೇರಿ ಸಾವಿರ ತುಂಬುವುದು ಸುಮಾರು 80 ವರ್ಷ 10 ತಿಂಗಳಿಗೆ. ಮನೆತನದ ಪದ್ಧತಿಯನ್ನು ಪುರೋಹಿತರ ಹತ್ತಿರ ಕೇಳಿಕೊಳ್ಳಿ. ಆಯ್ಕೆ ಇದ್ದರೆ ಮೇಯಿಂದ ಸೆಪ್ಟೆಂಬರ್ ಒಳಗೆ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ, ವಯಸ್ಸಾದವರನ್ನು ಹೊರಗೆ ಕರೆದೊಯ್ಯಲು ಆಗುವುದಿಲ್ಲ.

ಹಂತ 2: ವೀಸಾ
ಬೇಕಾದದ್ದು ಸ್ಟ್ಯಾಂಡರ್ಡ್ ವಿಸಿಟರ್ ವೀಸಾ. ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಹೊರಡುವ ದಿನಕ್ಕೆ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲೇ ಅರ್ಜಿ ತುಂಬಿ, ಬೆರಳಚ್ಚು ಕೊಡಲು ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗಬೇಕು. ನಿರ್ಧಾರಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ವೀಸಾ ಅಧಿಕಾರಿಗಳು ಮುಖ್ಯವಾಗಿ ನೋಡುವುದು ನೀವು ವಾಪಸ್ ಬರುತ್ತೀರಾ, ಖರ್ಚು ಯಾರದು ಎಂಬುದನ್ನು. ಬ್ಯಾಂಕ್ ಸ್ಟೇಟ್‌ಮೆಂಟ್, ಕಚೇರಿಯ ರಜೆ ಪತ್ರ ಅಥವಾ ಜಮೀನಿನ ಪಹಣಿ, ಅಜ್ಜಿ ಇರುವ ಮನೆಯ ಅತ್ತೆಯೋ ಮಾವನೋ ಬರೆದ ಆಹ್ವಾನ ಪತ್ರ ಇಡಿ. ಖಾತೆಗೆ ಏಕಾಏಕಿ ದೊಡ್ಡ ಮೊತ್ತ ಬಂದಿದ್ದರೆ ಅದು ಎಲ್ಲಿಂದ ಬಂತೆಂದು ತೋರಿಸುವ ಕಾಗದವೂ ಇರಲಿ.

ಹಂತ 3: ಟಿಕೆಟ್
ವೀಸಾ ಕೈಗೆ ಬಂದ ಮೇಲೆ ಕೊಳ್ಳಿ. ಬೆಂಗಳೂರಿನಿಂದ ಹೀಥ್ರೂಗೆ ನೇರ ವಿಮಾನವಿದೆ. ಮೊದಲ ಸಲ ಹೋಗುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಹಿಡಿಯುವುದು ಮೇಲು. ಹುಟ್ಟುಹಬ್ಬದ ದಿನಕ್ಕೆ ಐದಾರು ದಿನ ಮೊದಲೇ ತಲುಪಿ. ಬೇಸಗೆಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ನಿದ್ದೆ ಸರಿಹೋಗಲು ಅಷ್ಟು ದಿನ ಬೇಕು.

ಹಂತ 4: ಪೆಟ್ಟಿಗೆ ಕಟ್ಟುವುದು
ಪ್ರೀತಿಯಿಂದ ಒಯ್ದದ್ದು ಕಸದ ಬುಟ್ಟಿಗೆ ಬೀಳುವುದು ಇಲ್ಲಿಯೇ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಧಾರವಾಡ ಪೇಡೆ, ತುಪ್ಪ ಮನೆಯಲ್ಲೇ ಇರಲಿ. ಒಣ ಕೊಬ್ಬರಿ ಬೇಗ ಹೊತ್ತಿಕೊಳ್ಳುವುದರಿಂದ ವಿಮಾನದವರೇ ಬಿಡುವುದಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ಹುರಿಗಡಲೆ ಇಡಿ. ಆದರೆ ಅಜ್ಜಿಗೆ ಇವೆಲ್ಲಕ್ಕಿಂತ ಬೆಲೆಯ ವಸ್ತು ಹಳೆಯ ಮನೆಯ, ಓರಗೆಯವರ ಫೋಟೋಗಳು. ದೊಡ್ಡದಾಗಿ ಮುದ್ರಿಸಿ, ಹಿಂದೆ ಹೆಸರು ಬರೆದು ಒಯ್ಯಿರಿ. ಬರಲಾಗದ ನೆಂಟರ ಕೈಯಿಂದ ಒಂದೊಂದು ಪತ್ರ ಬರೆಸಿ. ಸೀರೆಯ ಜೊತೆ ಅದನ್ನೂ ಕೊಡಿ. ನಿಮ್ಮ ಔಷಧಿ, ವೈದ್ಯರ ಚೀಟಿ, ಅಜ್ಜಿ ಇರುವ ಮನೆಯ ವಿಳಾಸ, ಫೋನ್ ನಂಬರು ಕೈಚೀಲದಲ್ಲಿರಲಿ. ಅಲ್ಲಿನ ಪ್ಲಗ್‌ಗೆ ಮೂರು ಚಪ್ಪಟೆ ಕಡ್ಡಿ, ಅಡಾಪ್ಟರ್ ಬೇಕು.

ಹಂತ 5: ಆ ದಿನ
ಅಜ್ಜಿಯ ಮಾತ್ರೆ, ಊಟ, ಮಧ್ಯಾಹ್ನದ ನಿದ್ದೆ ನೋಡಿಕೊಂಡು ಮುಹೂರ್ತ ಇಡಿ. ಬೆಳಿಗ್ಗೆ ಎರಡು ಗಂಟೆ ಸಾಕು. ಬಾಳೆ ಎಲೆ, ವೀಳ್ಯದೆಲೆ ಅಲ್ಲಿನ ದಕ್ಷಿಣ ಭಾರತದ ಅಂಗಡಿಗಳಲ್ಲೇ ಸಿಗುತ್ತವೆ. ಕರ್ಪೂರ, ಧೂಪಕ್ಕೆ ಹೊಗೆ ಅಲಾರಂ ಕೂಗಿಬಿಡುತ್ತದೆ, ಆದ್ದರಿಂದ ಆರತಿ ಎಲ್ಲಿ ಎಂದು ಮನೆಯವರನ್ನು ಕೇಳಿ. ಹೋಮ ಬೇಕಿದ್ದರೆ ದೇವಸ್ಥಾನದಲ್ಲೇ ಇಟ್ಟುಕೊಳ್ಳಿ. ಅಜ್ಜಿಯನ್ನು ಕುರ್ಚಿಯಲ್ಲೇ ಕೂರಿಸಿ, ಎಲ್ಲರೂ ಅವರ ಹತ್ತಿರ ಬಂದು ನಮಸ್ಕರಿಸಲಿ. ಜನ ಹೆಚ್ಚಾದರೆ ಕಿವಿ ಮಂದವಾದವರಿಗೆ ಮಾತು ತಿಳಿಯುವುದಿಲ್ಲ. ಇಬ್ಬಿಬ್ಬರಾಗಿ ಕೂತು ಮಾತಾಡಿ.

ಹಂತ 6: ಉಳಿದ ದಿನಗಳು
ಊರು ನೋಡಲು ಹೋಗಿ, ಆದರೆ ದಿನಕ್ಕೆ ಅರ್ಧ ಹೊತ್ತು ಮನೆಯಲ್ಲಿರಿ. ಅಜ್ಜಿಗೆ ಆಗುವಂತಿದ್ದರೆ ಗಾಲಿಕುರ್ಚಿಯಲ್ಲಿ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಕರೆದೊಯ್ಯಿರಿ. 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನ ಪ್ರತಿಮೆ ಅಲ್ಲಿದೆ. ಹೊರಡುವ ದಿನ ಮಾತ್ರ ಅಜ್ಜಿಯನ್ನು ವಿಮಾನ ನಿಲ್ದಾಣಕ್ಕೆ ಕರೆತರಬೇಡಿ, ಅಲ್ಲಿನ ಓಡಾಟ, ಕಾಯುವಿಕೆ ಅವರಿಗೆ ತ್ರಾಸ. ಮನೆಯಲ್ಲೇ ಆಶೀರ್ವಾದ ಪಡೆದು, ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣ ಸೇರುವಂತೆ ಹೊರಡಿ.