ಅಪ್ಪನನ್ನು ಒಪ್ಪಿಸೋದು, ಗಿರಾಕಿಯನ್ನು ನಂಬಿಸೋದು



ಸಾವಯವಕ್ಕೆ ಬರಬೇಕು ಅನ್ನೋ ಹುಡುಗರು ಸಿಕ್ಕಾಗ ಗೊಬ್ಬರ, ಬೀಜದ ಮಾತು ಆಮೇಲೆ ಬರುತ್ತೆ. ಮೊದಲು ಕೇಳೋದು, "ಅಣ್ಣ, ಮನೇಲಿ ಅಪ್ಪ ಒಪ್ತಿಲ್ಲ, ಏನ್ ಮಾಡ್ಲಿ?" ಅಂತ. ಮಾರಾಟಕ್ಕೆ ಇಳಿದವರು "ಸಿಟಿಯೋರು ನಂಬಲ್ಲ ಅಣ್ಣ" ಅಂತಾರೆ. ಈ ವಾರ ಅದರ ಬಗ್ಗೆಯೇ ಬರೀತೀನಿ. ಎರಡರಲ್ಲೂ ನಾನು ಚೆನ್ನಾಗಿ ಎಡವಿದ್ದೀನಿ.

ತೋಟಗಾರಿಕೆ ಪದವಿ ಮುಗಿಸಿ ಕನಕಪುರ ರಸ್ತೆ ಕಡೆಯ ನಮ್ಮ ಹಳ್ಳಿಗೆ ವಾಪಸ್ ಬಂದಾಗ ಅಪ್ಪನಿಗೆ ಪಾಠ ಶುರು ಮಾಡಿದೆ. ಸಾವಯವ ಇಂಗಾಲ, ಸೂಕ್ಷ್ಮಾಣು ಜೀವಿ, ಊಟದ ಹೊತ್ತಲ್ಲಿ ಮೊಬೈಲ್ ಹಿಡಿದು ವಿಡಿಯೊ. ಒಂದಿನ ಸಿಟ್ಟಲ್ಲಿ "ನೀವೇ ಮಣ್ಣು ಸಾಯಿಸಿರೋದು" ಅಂದುಬಿಟ್ಟೆ. ಎರಡು ದಿನ ಮಾತಿಲ್ಲ. ಆಮೇಲೆ ಒಂದೇ ಮಾತು ಅಂದ್ರು: "ಸೊಪ್ಪು ಹಳದಿ ಆದ್ರೆ ನಿನ್ ಡಿಗ್ರಿ ತಿನ್ನಕ್ಕಾಯ್ತದೇನ್ಲಾ?"

ಈಗ ಯೋಚಿಸಿದ್ರೆ ಅವರ ಮಾತಲ್ಲಿ ತಪ್ಪೇನಿದೆ? 45 ಕೆಜಿ ಯೂರಿಯಾ ಮೂಟೆ 266 ರೂಪಾಯಿ 50 ಪೈಸೆ. ಹಾಕಿದ ವಾರದೊಳಗೆ ಎಲೆ ಹಸಿರಾಗೋದು ಕಣ್ಣಿಗೆ ಕಾಣುತ್ತೆ. ಸೊಸೈಟಿ ಸಾಲದ ಕಂತು ಅವರ ಹೆಸರಲ್ಲಿ, ನನ್ನ ಕಾಲೇಜಿನ ಫೀಸೂ ಅದೇ ಹೊಲದಿಂದ. ನಾನು ಮಣ್ಣಿನ ವಿಷಯ ಮಾತಾಡ್ತಿದ್ದೆ, ಅವರು ಕಂತಿನ ಲೆಕ್ಕ ಹಾಕ್ತಿದ್ರು. ಎದುರಿನವರ ಭಯ ಯಾವುದು ಅಂತ ತಿಳಿಯದೆ ಎಷ್ಟು ವಾದ ಮಾಡಿದ್ರೂ ಗಂಟಲು ನೋವೇ.

ಮುಂದಿನ ಸಲ ಒಂದು ಎಕರೆ ಕೇಳಲಿಲ್ಲ. ಪಂಪ್‌ಸೆಟ್ ಮನೆ ಪಕ್ಕದ 5 ಗುಂಟೆ ಕೇಳಿದೆ. ಅದರಲ್ಲಿ ನಷ್ಟ ಆದ್ರೆ ನನ್ನ ಜೇಬಿಂದ. ಪಕ್ಕದ 5 ಗುಂಟೆ ಅವರ ಪದ್ಧತಿಯಲ್ಲೇ. ಒಂದೇ ದಿನ ಬಿತ್ತನೆ, ಒಂದೇ ಚೀಲದ ದಂಟಿನ ಬೀಜ, ಒಂದೇ ನೀರು. ಜೀವಾಮೃತ ಎಕರೆಗೆ 200 ಲೀಟರ್ ಅನ್ನೋ ಲೆಕ್ಕದಲ್ಲಿ 5 ಗುಂಟೆಗೆ 25 ಲೀಟರ್ ಸಾಕು, ಒಂದು ಸಣ್ಣ ಡ್ರಮ್ಮು. "ಹಾಳಾಗ್ಲಿ, ಅಷ್ಟು ಮಾಡ್ಕೋ" ಅಂದ್ರು. ಒಪ್ಪಿಗೆ ಅಂದ್ರೆ ಅಷ್ಟೇ, ಜಾಸ್ತಿ ಆಸೆ ಪಡಬೇಡಿ.

ಮೊದಲ ಕಟಾವಿಗೆ ಅವರ ಕಡೆ 240 ಕಟ್ಟು, ನನ್ನ ಕಡೆ 180. ಮುಚ್ಚಿಡಲಿಲ್ಲ, ಇಬ್ಬರ ಖರ್ಚನ್ನೂ ಒಂದೇ ನೋಟ್‌ಬುಕ್ಕಲ್ಲಿ ಎದುರುಬದುರು ಬರೆದಿಟ್ಟೆ. ಮೂರನೇ ಬೆಳೆ ಹೊತ್ತಿಗೆ ವ್ಯತ್ಯಾಸ ಕಮ್ಮಿ ಆಯ್ತು. ಬೇಸಿಗೆಯಲ್ಲಿ ಅಪ್ಪನೇ ಗುದ್ದಲಿ ಹಾಕಿ, ಮಣ್ಣು ಹಿಡಿದು ನೋಡಿ, "ಈ ಕಡೆ ತೇವ ಒಂದಿನ ಜಾಸ್ತಿ ನಿಲ್ತದೆ" ಅಂದ್ರು. ಅದೇ ಮಾತನ್ನ ನಾನು ಮೊದಲೇ ನೂರು ಸಲ ಹೇಳಿದ್ದೆ.

ಇದು ನಮ್ಮನೆ ಕಥೆ ಮಾತ್ರ ಅಲ್ಲ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮುಸುಕಿನ ಜೋಳದ ಬೀಜ ರೈತರ ಕೈಗೆ ಹೇಗೆ ಬಂತು ಅಂತ ರಯಾನ್ ಮತ್ತು ಗ್ರಾಸ್ ಅನ್ನೋ ಇಬ್ಬರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. 259 ರೈತರನ್ನು ಮಾತಾಡಿಸಿದ್ರು. ಬೀಜದ ಸುದ್ದಿ ಹೆಚ್ಚಿನವರಿಗೆ ತಲುಪಿದ್ದು ಬೀಜ ಮಾರೋರಿಂದ. ಹಾಕೋಣ ಅಂತ ಮನಸ್ಸು ಮಾಡೋಕೆ ಮಾತ್ರ ಅಕ್ಕಪಕ್ಕದ ರೈತರ ಮಾತೇ ಹೆಚ್ಚು ಕೆಲಸ ಮಾಡಿತ್ತು. ಹಾಕಿದವರೂ ಮೊದಲು ಹೊಲದ ಒಂದು ಭಾಗಕ್ಕೆ ಹಾಕಿ ನೋಡಿ, ವರ್ಷ ಕಳೆದಂತೆ ಜಾಸ್ತಿ ಮಾಡಿದ್ರು. ಅಷ್ಟು ಲಾಭದ ಬೀಜಕ್ಕೇ ವರ್ಷಗಟ್ಟಲೆ ಹಿಡೀತು. ನಿಮ್ಮಪ್ಪ ಒಂದು ತಿಂಗಳಲ್ಲಿ ಒಪ್ಪಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಇನ್ನು ಗಿರಾಕಿ. ಭಾನುವಾರ ಬೆಳಿಗ್ಗೆ 7ಕ್ಕೆ ಪದ್ಮನಾಭನಗರದ ಒಂದು ಅಪಾರ್ಟ್‌ಮೆಂಟ್ ಗೇಟ್ ಹತ್ತಿರ ನಾಲ್ಕು ಕ್ರೇಟ್ ಇಟ್ಟು ಶುರು ಮಾಡಿದೆ. ತಳ್ಳುಗಾಡಿಗಿಂತ, ಹಾಪ್‌ಕಾಮ್ಸ್ ದರಕ್ಕಿಂತ ನನ್ನ ಬೆಲೆ ಜಾಸ್ತಿ. "ನಿಜವಾಗ್ಲೂ ಆರ್ಗ್ಯಾನಿಕ್ಕಾ?" ಅಂದ್ರೆ ನನ್ನ ಹತ್ರ ಒಂದು ರೆಡಿ ಡೈಲಾಗ್ ಇತ್ತು: "ಎಲೆ ತೂತು ನೋಡಿ ಮೇಡಂ, ಹುಳ ತಿಂದಿದೆ ಅಂದ್ರೆ ವಿಷ ಇಲ್ಲ." ಚೆನ್ನಾಗಿ ಓಡ್ತು. ಆದ್ರೆ ಅದು ಸುಳ್ಳು, ನನಗೂ ಗೊತ್ತಿತ್ತು. ಹುಳ ತಿಂದ ಮೇಲೆ ಔಷಧಿ ಹೊಡೆದ್ರೂ ತೂತು ಹಾಗೇ ಇರುತ್ತೆ. ಔಷಧಿ ಮುಟ್ಟಿಸದೆ, ಬಲೆ ಕಟ್ಟಿ ಬೆಳೆದ ಎಲೆ ತೂತಿಲ್ಲದೆಯೂ ಬರುತ್ತೆ.

ನಿವೃತ್ತ ಟೀಚರ್ ಒಬ್ಬರು ಮೆಂತ್ಯ ಕಟ್ಟು ಎತ್ತಿ, ಎಂಟು ಜನರ ಎದುರಿಗೆ ಕೇಳಿದ್ರು: "ಇದ್ರಲ್ಲಿ ತೂತೇ ಇಲ್ವಲ್ಲಪ್ಪ, ಹಾಗಾದ್ರೆ ಇದಕ್ಕೆ ವಿಷ ಹೊಡೆದಿದ್ದೀಯಾ?" ಬಾಯಿ ಕಟ್ಟಿಹೋಯ್ತು. ಕಟ್ಟು ವಾಪಸ್ ಇಟ್ಟು ಹೋದ್ರು, ಅವರ ಹಿಂದೆ ಇನ್ನೂ ಮೂವರು.

ಮುಂದಿನ ವಾರ ಒಂದು ರಟ್ಟಿನ ಮೇಲೆ ಮಾರ್ಕರ್‌ನಲ್ಲಿ ಬರೆದು ಕ್ರೇಟಿಗೆ ಒರಗಿಸಿದೆ. ಯಾವ ಸೊಪ್ಪಿಗೆ ಯಾವ ತಾರೀಕು ಏನು ಹಾಕಿದ್ದೀನಿ ಅಂತ. ನಾವು ಪಿಜಿಎಸ್ ಗುಂಪಲ್ಲಿದ್ದೀವಿ, ಗುಂಪಿನ ರೈತರೇ ಒಬ್ಬರ ಹೊಲ ಒಬ್ಬರು ಪರಿಶೀಲಿಸ್ತೀವಿ, ಇನ್ನೂ ಪರಿವರ್ತನೆಯ ಹಂತ, ಅಂದ್ರೆ 'ಗ್ರೀನ್', ಪೂರ್ತಿ 'ಆರ್ಗ್ಯಾನಿಕ್' ಅಲ್ಲ ಅಂತ. ಪಕ್ಕದ ಹೊಲದವರು ಔಷಧಿ ಹೊಡೀತಾರೆ, ಆ ಅಂಚಿನ ಎರಡು ಸಾಲಿನ ಬೆಳೆ ಇಲ್ಲಿಗೆ ತರಲ್ಲ ಅನ್ನೋದನ್ನೂ ಬರೆದೆ. ಇದನ್ನ ಓದಿದ್ರೆ ಯಾರು ತಗೋತಾರೆ ಅಂತ ಗೆಳೆಯ ನಕ್ಕ. ಟೀಚರಮ್ಮ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ಒಂದೇ ಒಂದು ಕಟ್ಟು ತಗೊಂಡು "ತೋಟ ನೋಡಬಹುದಾ?" ಅಂದ್ರು. ಬನ್ನಿ ಅಂದೆ. ಆ ಭಾನುವಾರ ಅರ್ಧ ಸರಕು ಉಳೀತು, ಅದೂ ನಿಜ. ಸರಿಹೋಗೋಕೆ ಎರಡು ತಿಂಗಳು ಬೇಕಾಯ್ತು.

ಕೊನೆಗೆ ಮೂರು ಮನೆಯವರು ಕಾರು ಮಾಡ್ಕೊಂಡು ತೋಟಕ್ಕೆ ಬಂದ್ರು. ಮಕ್ಕಳು ಮೂಲಂಗಿ ಕಿತ್ತು ಕೆಸರಾದ್ರು. ನಾನು ಎಳನೀರು ಕೆಡವಿಸಿ ತರೋಷ್ಟರಲ್ಲಿ ಟೀಚರಮ್ಮ ಡ್ರಮ್ಮಿನ ಹತ್ರ ನಿಂತು "ಇದೇನು ಯಜಮಾನ್ರೇ?" ಅಂತ ಅಪ್ಪನ್ನ ಕೇಳ್ತಿದ್ರು. ಅಪ್ಪ ಕೋಲಲ್ಲಿ ತಿರುಗಿಸ್ತಾ ಸಗಣಿ ಎಷ್ಟು, ಗಂಜಲ ಎಷ್ಟು, ಬೆಲ್ಲ ಎಷ್ಟು, ದ್ವಿದಳ ಧಾನ್ಯದ ಹಿಟ್ಟು ಯಾಕೆ ಅಂತ ಒಂದೊಂದಾಗಿ ಹೇಳ್ತಾ ಇದ್ರು. ಇದನ್ನೆಲ್ಲ ನಾವೇ ಕಂಡುಹಿಡಿದಿದ್ದು ಅನ್ನೋ ಹಾಗಿತ್ತು ಅವರ ಗತ್ತು. ನಾನು ದೂರದಲ್ಲೇ ನಿಂತೆ.

ರಾಗಿ ಹೊಲಕ್ಕೆ ಅಪ್ಪ ಇನ್ನೂ ಯೂರಿಯಾ ಹಾಕ್ತಾರೆ. ನಾನು ಏನೂ ಅನ್ನಲ್ಲ. ಮೊನ್ನೆ ಮಾತ್ರ, ದೊಡ್ಡ ಡ್ರಮ್ಮಿಗೆ ಎಷ್ಟಾಯ್ತದೆ ಅಂತ ವಿಚಾರಿಸಿದ್ರು.